ಸಿ ಭಾಷೆಯ ‘ಚಾರ್’ ಮತ್ತು ಕನ್ನಡದ ಅಕ್ಷರ: ಒಂದು ವಿಮರ್ಶೆ

ಯಾವುದೇ ಶಾಸ್ತ್ರದ ಪರಿಭಾಷೆಯನ್ನು ವಿಮರ್ಶಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಹೆಸರಿಗೂ ವಸ್ತುವಿಗೂ ಹೊಂದಿಕೆಯಿದೆಯೇ ಎಂಬುದು. ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ ಸಿ ಭಾಷೆಯ ‘ಚಾರ್’ ಮತ್ತು ‘ಸ್ಟ್ರಿಂಗ್’ಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಚಾರ್’ ಎಂದರೆ ಅಕ್ಷರವೆಂದು ತರಗತಿಗಳಲ್ಲಿ ಹೇಳಿಕೊಡುವುದು ವಾಡಿಕೆ. ವಸ್ತುತಃ ಅದು ಒಂದು ಬೈಟಿನ ಸಣ್ಣ ಪೂರ್ಣಾಂಕ. ಆಸ್ಕಿ ಸಂಕೇತಾವಳಿಯಲ್ಲಿ ರೋಮನ್ ಲಿಪಿಯ ಮೊದಲ ದೊಡ್ಡಕ್ಷರದ ಸಂಖ್ಯೆ 65. ಅದಕ್ಕೆ 1ನ್ನು ಕೂಡಿಸಿದರೆ ಎರಡನೆಯ ಅಕ್ಷರ ದೊರೆಯುತ್ತದೆ. ಒಟ್ಟು 128 ಸಂಕೇತಗಳ ಆ ಪ್ರಪಂಚದಲ್ಲಿ ಬೈಟನ್ನು ಅಕ್ಷರವೆಂದರೆ ಬಾಧಕವಿರಲಿಲ್ಲ.

ಸ್ಟ್ರಿಂಗ್ ಎಂಬುದಾದರೋ ಸಿ ಭಾಷೆಯಲ್ಲಿ ಸ್ವತಂತ್ರ ಪ್ರಕಾರವೇ ಅಲ್ಲ. ಸೊನ್ನೆಯಿಂದ ಕೊನೆಗೊಳ್ಳುವ ಚಾರ್‌ಗಳ ಸಾಲು. ಪೂರ್ವಜವಾದ ಬಿಸಿಪಿಎಲ್ ಭಾಷೆ ಉದ್ದವನ್ನು ಸಾಲಿನ ಆರಂಭದಲ್ಲೇ ಬರೆದಿಡುತ್ತಿತ್ತು. ಆ ಪುಟ್ಟ ಸ್ಥಳದಲ್ಲಿ ಹಿಡಿಯುವಷ್ಟಕ್ಕೇ ಉದ್ದ ಸೀಮಿತವಾಗುತ್ತಿದ್ದುದರಿಂದಲೂ, ಲೆಕ್ಕವಿಡುವುದಕ್ಕಿಂತ ಅಂತ್ಯಚಿಹ್ನೆ ಅನುಕೂಲವೆಂದು ತೋರಿದ್ದರಿಂದಲೂ ಈ ಮಾರ್ಪಾಡು ನಡೆಯಿತೆಂದು ರಿಚಿಯವರು 1993ರಲ್ಲಿ ವಿವರಿಸಿದ್ದಾರೆ. ಕಾರಣಗಳು ಸಮಂಜಸವೇ. ಆದರೆ ತೆತ್ತ ಬೆಲೆಯೂ ಅಲ್ಪವಲ್ಲ. ಉದ್ದವನ್ನು ತಿಳಿಯಲು ಪ್ರತಿಸಲವೂ ಮೊದಲಿಂದ ಎಣಿಸಬೇಕು. ತನಗೆ ಮೀಸಲಾದ ಸ್ಥಳವೆಷ್ಟೆಂಬ ಅರಿವು ಸಾಲಿಗಿಲ್ಲ. ಸ್ಥಳವನ್ನು ಅಳೆಯದೆ ಓದಿಕೊಳ್ಳುವ ‘ಗೆಟ್ಸ್’ ಎಂಬ ಕ್ರಿಯೆಯ ಈ ದೌರ್ಬಲ್ಯವನ್ನೇ 1988ರ ನವೆಂಬರಿನಲ್ಲಿ ಅಂತರಜಾಲದಲ್ಲಿ ಹಬ್ಬಿದ ಮಾರಿಸ್ ಹುಳು ಬಳಸಿಕೊಂಡಿತು. ಆ ಕ್ರಿಯೆಯನ್ನು ಭಾಷೆಯ ಮಾನಕದಿಂದ ತೆಗೆದುಹಾಕಿದ್ದು 2011ರಲ್ಲಿ.

ಇನ್ನು ಕನ್ನಡದ ಮಾತು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಅವರು ರಚಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಇವುಗಳ ನಡುವೆ ಸೊನ್ನೆಯ ಬೈಟು ಎಂದೂ ಬಾರದಂತೆ ಏರ್ಪಡಿಸಿರುವುದರಿಂದ ಸಿ ಭಾಷೆಯ ಹಳೆಯ ಸಾಲಿನಲ್ಲೇ ಕನ್ನಡವೂ ನೆಲೆಸಬಲ್ಲದು. ಇದು ಶ್ಲಾಘ್ಯವಾದ ಜಾಣ್ಮೆ. ಆದರೆ ‘ಕನ್ನಡ’ ಎಂಬ ಪದದ ಉದ್ದವನ್ನು ಕೇಳಿದರೆ ಸಿ ಭಾಷೆಯ ಉತ್ತರ 15. ಸಂಕೇತಗಳನ್ನೇ ಎಣಿಸುವ ಪೈಥಾನ್ 3ರ (2008) ಉತ್ತರ 5: ಕಕಾರ, ನಕಾರ, ವಿರಾಮಚಿಹ್ನೆ, ಮತ್ತೆ ನಕಾರ, ಡಕಾರ. ಕನ್ನಡ ಬಲ್ಲ ಬಾಲಕನ ಉತ್ತರ 3. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು, ಹದಿನೆಂಟು ಬೈಟುಗಳು.

ಇದು ಕೇವಲ ಎಣಿಕೆಯ ಕುತೂಹಲವಲ್ಲ. ನಮ್ಮ ಛಂದಸ್ಸಿನ ಆದಿಪ್ರಾಸ ನಿಂತಿರುವುದು ಪಾದದ ಎರಡನೆಯ ಅಕ್ಷರದ ಮೇಲೆ. ಹಳಗನ್ನಡ ಕಾವ್ಯದ ಪ್ರಾಸಗಳನ್ನು ಯಂತ್ರದಿಂದ ಪರೀಕ್ಷಿಸಹೊರಟ ವಿದ್ಯಾರ್ಥಿಯು ಸಿ ಭಾಷೆಯಲ್ಲಿ ಎರಡನೆಯ ಚಾರನ್ನು ಕೇಳಿದರೆ ಅವನಿಗೆ ಸಿಗುವುದು ಕಕಾರದ ಮೂರರಲ್ಲೊಂದು ಚೂರು. ಪೈಥಾನಿನಲ್ಲಿ ನಕಾರ ಸಿಗುತ್ತದೆ, ಒತ್ತು ಕಳೆದುಹೋಗುತ್ತದೆ. ಆಗ ‘ಕನ್ನಡ’ಕ್ಕೂ ‘ಕನಸು’ವಿಗೂ ಪ್ರಾಸ ಕೂಡುತ್ತದೆಂದು ಯಂತ್ರ ತೀರ್ಪು ಕೊಡುತ್ತದೆ. ಒಂದರಲ್ಲಿ ಪ್ರಾಸಾಕ್ಷರ ದ್ವಿತ್ವ, ಅದರ ಹಿಂದಿನದು ಗುರು. ಇನ್ನೊಂದರಲ್ಲಿ ಶುದ್ಧ ನಕಾರ, ಹಿಂದಿನದು ಲಘು. ಯಂತ್ರದ ಈ ತೀರ್ಪನ್ನು ನಂಬಿ ಕಟ್ಟಿದ ಸಂಶೋಧನೆ ಸಿದ್ಧಾಂತದ ವೇಷದಲ್ಲಿ ಪ್ರಮಾದವನ್ನೇ ಸ್ಥಾಪಿಸೀತು. ಅಕಾರಾದಿಯ ವಿಷಯವೂ ಹೀಗೆಯೇ: ಸಂಕೇತಾವಳಿಯಲ್ಲಿ ಳಕಾರ ಲಕಾರದ ಮಗ್ಗುಲಲ್ಲಿರುವುದರಿಂದ ಬರಿಯ ಬೈಟುಗಳ ಹೋಲಿಕೆಯಲ್ಲಿ ‘ಬಳ್ಳಿ’ ಮೊದಲು, ‘ಬಸವ’ ಆಮೇಲೆ, ನಮ್ಮ ನಿಘಂಟುಗಳ ಕ್ರಮ ಇದಕ್ಕೆ ವಿರುದ್ಧ.

ಹಾಗಾದರೆ ಭಾಷೆಯೇ ಅಕ್ಷರವನ್ನು ಅರಿತಿರಬೇಕಿತ್ತೆಂದು ಕೆಲವರು ವಾದಿಸಬಹುದು. ನಾವು ಅದನ್ನು ಪೂರ್ಣವಾಗಿ ಒಪ್ಪಲಾರೆವು. ಅಕ್ಷರದ ಕಲ್ಪನೆ ಲಿಪಿಯಿಂದ ಲಿಪಿಗೆ ಬೇರೆ. ಎಲ್ಲವನ್ನೂ ಭಾಷೆಯ ತಳಹದಿಯಲ್ಲೇ ಹುದುಗಿಸಿದರೆ ತಳಹದಿ ಭಾರವಾದೀತು. ಬೈಟು ಸಂಗ್ರಹದ ಘಟಕ, ಸಂಕೇತ ವಿನಿಮಯದ ಘಟಕ, ಅಕ್ಷರ ಓದುಗನ ಘಟಕ. ಈ ಮೂರರ ವಿವೇಕವನ್ನು ಬೋಧಕರು ಮೊದಲ ಪಾಠದಲ್ಲೇ ಕೊಡಬೇಕು. ಅಕ್ಷರವಿಭಾಗವನ್ನು ಕನ್ನಡದ ನಿಯಮದಂತೆ ಪ್ರತ್ಯೇಕ ಕ್ರಮವಿಧಿಯಾಗಿ ರಚಿಸಿ ಮೇಲೆ ಜೋಡಿಸಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಅಕ್ಷರಸಂಜ್ಞೆಯನ್ನು ನಿರ್ಣಯಿಸಿಕೊಂಡ ಬಳಿಕವೇ ಪದಗಳ ವಿಚಾರಕ್ಕೆ ತೊಡಗಿದನು. ಕನ್ನಡವನ್ನು ಯಂತ್ರಕ್ಕೆ ಒಪ್ಪಿಸುವವರಿಗೂ ಆ ಕ್ರಮವೇ ಲೇಸು.