ಆಯ್ದಕ್ಕಿಯ ಕಾಯಕ ಮತ್ತು ಮಾರ್ಕೆಟ್ ಯಾರ್ಡಿನ ಹಮಾಲಿ

ವಚನಕಾರರ ಕಾಯಕ-ದಾಸೋಹಗಳಲ್ಲಿ ಕಮ್ಯುನಿಸಮ್ಮಿನ ಪೂರ್ವರೂಪವನ್ನು ಕಾಣುವುದು ಕನ್ನಡ ವಿಮರ್ಶೆಗೆ ರೂಢಿಯಾಗಿದೆ. ಈ ಸಮೀಕರಣವನ್ನು ನಾವು ಒಪ್ಪಲಾರೆವು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೇ ಗಮನಿಸಬಹುದು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ ಆಕೆ ಅದನ್ನು ಹಿಂತಿರುಗಿಸುವಂತೆ ಮಾಡುತ್ತಾಳೆ. ಇಲ್ಲಿ ಕಡಿವಾಣ ಬೀಳುವುದು ದುಡಿಯುವವನ ಆಸೆಗೆ. ಕಣಜದ ಒಡೆತನ ಪ್ರಶ್ನೆಯಾಗುವುದೇ ಇಲ್ಲ. ಮಾರ್ಕ್ಸ್ ಕೇಳಿದ್ದು ಆ ಒಡೆತನವನ್ನು ಕುರಿತು. ಅವನ ಸಿದ್ಧಾಂತದ ನಿಜವಾದ ಬಲ ಅಲ್ಲಿದೆ. ಆದರೆ ಸೋವಿಯತ್ ವ್ಯವಸ್ಥೆಯಲ್ಲಿ ಕಣಜದ ಕೀಲಿಕೈ ಪಕ್ಷದ ಪಾಲಾಯಿತು. 1932-33ರ ಉಕ್ರೇನಿನ ಕ್ಷಾಮದಲ್ಲಿ ಧಾನ್ಯ ಬೆಳೆದವರೇ ಹಸಿದು ಸತ್ತರು.

ಒಡೆತನವನ್ನು ಕಸಿಯದೆ ಹಂಚಿಕೆಯನ್ನು ಹಿಡಿತಕ್ಕೆ ತರಬಹುದೆ? ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಇದಕ್ಕೊಂದು ಅರ್ಧ ಉತ್ತರವಿದೆ. ಅಲ್ಲಿ ಮೂಟೆ ಹೊರುವವರ ಸಂಘಟನೆಯಾದ ಹಮಾಲ್ ಪಂಚಾಯತನ್ನು 1955ರಲ್ಲಿ ಕಟ್ಟಿದ ಬಾಬಾ ಆಢಾವ್ ಸಮಾಜವಾದಿ, ಕಮ್ಯುನಿಸ್ಟರಲ್ಲ. 1969ರ ಮಹಾರಾಷ್ಟ್ರ ಮಾಥಾಡಿ ಕಾಯಿದೆಯಂತೆ ವ್ಯಾಪಾರಿಯು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚ್ಯುಯಿಟಿಗಳು ಅಲ್ಲಿಂದ ಸಲ್ಲುತ್ತವೆ. ಮಂಡಳಿಯಲ್ಲಿ ಕಾರ್ಮಿಕರ ಹಾಗೂ ಮಾಲೀಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ಅಂಗಡಿ ಮಾತ್ರ ವ್ಯಾಪಾರಿಯದಾಗಿಯೇ ಉಳಿಯಿತು, ಮೂಟೆ ಹಮಾಲನ ಬೆನ್ನ ಮೇಲೆಯೇ ಉಳಿಯಿತು. ಇದು ಸಾಲದೆಂಬ ಕಮ್ಯುನಿಸ್ಟ್ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ.

ವಚನಗಳ ಅಭ್ಯಾಸಿಗೆ ಇನ್ನೂ ಕುತೂಹಲದ ಸಂಗತಿ ಪಂಚಾಯತಿನ ‘ಕಷ್ಟಾಚೀ ಭಾಕರ್’ ಊಟದ ಮನೆ. ದುಡಿಮೆಯ ರೊಟ್ಟಿ ಎಂದು ಅದರ ಅರ್ಥ. ಝುಣಕ-ಭಾಕರಿಯನ್ನು ಅಲ್ಲಿ ಲಾಭವಿಲ್ಲದ ಬೆಲೆಗೆ ಮಾರುತ್ತಾರೆ, ದಾನ ಕೊಡುವುದಿಲ್ಲ. ದಾಸೋಹದಲ್ಲಿ ನೀಡುವವನು ಎಷ್ಟೇ ಬಾಗಿದರೂ ನೀಡುವವನೇ; ಇಲ್ಲಿ ಹಮಾಲನು ಹಣ ಕೊಟ್ಟು ಉಣ್ಣುವುದು ತನ್ನದೇ ಸಂಘಟನೆಯ ಊಟವನ್ನು.