ಜಾನಪದ ಸಂಶೋಧನೆ: ಆಕರಗಳ ವಿಶ್ವಾಸಾರ್ಹತೆಯ ಪ್ರಶ್ನೆ

ಕ್ಷೇತ್ರಕಾರ್ಯದಿಂದ ದೊರೆತುದು ಪ್ರಾಥಮಿಕ ಆಕರ, ಗ್ರಂಥಗಳಿಂದ ದೊರೆತುದು ದ್ವಿತೀಯಕ ಆಕರ ಎಂಬ ವಿಂಗಡಣೆ ಕನ್ನಡ ಜಾನಪದ ಸಂಶೋಧನೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ವಿಂಗಡಣೆ ಆಕರವು ಬಂದ ದಾರಿಯನ್ನು ತಿಳಿಸುತ್ತದೆಯೇ ಹೊರತು ಅದರ ವಿಶ್ವಾಸಾರ್ಹತೆಯನ್ನಲ್ಲ. ಯಾವ ಆಕರವೂ ಎಲ್ಲ ಪ್ರಶ್ನೆಗಳಿಗೂ ಸಮಾನವಾಗಿ ನಂಬಲರ್ಹವಾಗಿರುವುದಿಲ್ಲ. ಯಾವ ಪ್ರಶ್ನೆಗೆ ಅದು ಸಾಕ್ಷಿಯಾಗಬಲ್ಲದು ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳು ಈ ಮಾತಿಗೆ ಉತ್ತಮ ನಿದರ್ಶನ. ಮುಂಬಯಿ ಪ್ರಾಂತದ ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಫ್ಲೀಟ್ ಇವುಗಳನ್ನು 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸತೊಡಗಿದನು. ಸಂಗೊಳ್ಳಿ ರಾಯಣ್ಣ ಗಲ್ಲಿಗೇರಿದ್ದು 1831ರಲ್ಲಿ. ಅವನ ಲಾವಣಿ ಅಚ್ಚಾಗುವ ವೇಳೆಗೆ ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಸರಿದಿತ್ತು. ನಿಶ್ಶಸ್ತ್ರೀಕರಣವನ್ನು ವಿರೋಧಿಸಿ 1857ರಲ್ಲಿ ಹೋರಾಡಿದ ಹಲಗಲಿಯ ಬೇಡರ ಲಾವಣಿ ಘಟನೆಗೆ ಹೆಚ್ಚು ಸಮೀಪವಾದುದು ನಿಜ. ಆದರೆ ಅದರ ಕೊನೆಗೆ ಬರುವ ಕುರ್ತಕೋಟಿಯ ಕಲ್ಮೇಶನ ಸ್ಮರಣೆ ಲಾವಣಿಕಾರನ ನೆಲೆಯನ್ನು ಗದಗಿನ ಪರಿಸರದತ್ತ ಸೂಚಿಸುತ್ತದೆ. ಹಲಗಲಿ ಇರುವುದು ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ. ಆದುದರಿಂದ ಈ ಪಠ್ಯವನ್ನು ಪ್ರತ್ಯಕ್ಷದರ್ಶಿಯ ಹೇಳಿಕೆಯೆಂದು ಸ್ವೀಕರಿಸಲು ಆಧಾರ ಸಾಲದು. ಹೋರಾಟದ ಸುದ್ದಿ ಎಷ್ಟು ದೂರ ಹಬ್ಬಿತು, ಜನಮನದಲ್ಲಿ ಯಾವ ರೂಪ ತಾಳಿತು ಎಂಬುದಕ್ಕಾದರೆ ಅದು ಅಮೂಲ್ಯ ಆಕರ. ಸರ್ಕಾರಿ ವರದಿಗಳ ಸ್ಥಿತಿಯೂ ಭಿನ್ನವಲ್ಲ. ಅವು ದಿನಾಂಕ ಮತ್ತು ದಂಡಿನ ಚಲನೆಗೆ ಉಪಯುಕ್ತ. ಹೋರಾಡಿದವರ ಉದ್ದೇಶದ ಬಗೆಗೆ ಅವು ಆಳುವವರ ದೃಷ್ಟಿಯನ್ನೇ ಹೇಳುತ್ತವೆ.

ಇಂತಹ ವಿವೇಚನೆಯಿಲ್ಲದೆ ಒಂದೇ ಲಾವಣಿಯನ್ನು ಮೂರು ಸಂಕಲನಗಳಿಂದ ಉದ್ಧರಿಸಿ, ಮೂರು ಆಧಾರಗಳಿವೆಯೆಂದು ವಾದಿಸುವ ಪದ್ಧತಿ ಪ್ರಬಂಧಗಳಲ್ಲಿ ಕಾಣಸಿಗುತ್ತದೆ. ಮೂರೂ ಒಂದೇ ಮುದ್ರಿತ ಪಾಠವನ್ನು ಅನುಸರಿಸಿದ್ದರೆ ಅಲ್ಲಿರುವುದು ಒಂದೇ ಸಾಕ್ಷಿ. ಬೇರೆ ಊರಿನ, ಬೇರೆ ಗಾಯಕನಿಂದ ಸ್ವತಂತ್ರವಾಗಿ ದಾಖಲಾದ ಪಾಠಾಂತರ ಮಾತ್ರ ಎರಡನೆಯ ಸಾಕ್ಷಿಯಾಗಬಲ್ಲದು.

ದಾಖಲಾತಿಯ ಪ್ರಾಮಾಣಿಕತೆಗೆ ತುಳುವಿನ ಸಿರಿ ಕಾವ್ಯ ಒಂದು ಮಾದರಿ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ 15,683 ಸಾಲುಗಳ ಈ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದರು. ಮೌಖಿಕ ಕಾವ್ಯ ಪಠ್ಯವಾದ ಬಗೆಯನ್ನು ವಿವರಿಸಲು ಪ್ರತ್ಯೇಕ ಸಂಪುಟವನ್ನೇ ಮೀಸಲಿಡಲಾಯಿತು. ಶೀರ್ಷಿಕೆಯಲ್ಲಿಯೇ ಗಾಯಕನ ಹೆಸರಿದೆ. ಆದರೂ ಇದು ವಿದ್ವಾಂಸರ ಎದುರಿನಲ್ಲಿ ದಾಖಲೆಗಾಗಿ ಹಾಡಿದ ಪಠ್ಯ. ಗೋಪಾಲ ನಾಯ್ಕರ ಕಾವ್ಯಪ್ರತಿಭೆಗೆ ಇದಕ್ಕಿಂತ ಮಿಗಿಲಾದ ಆಕರವಿಲ್ಲ. ಸಿರಿ ಜಾತ್ರೆಯ ಆಚರಣೆಗೆ ಇದೊಂದೇ ಸಾಲದು. ಈ ಮಿತಿಯನ್ನು ಓದುಗರು ಅರಿಯಲು ಸಾಧ್ಯವಾಗುವುದು ಸಂಪಾದಕರು ತಮ್ಮ ವಿಧಾನವನ್ನು ಮರೆಮಾಚದಿರುವುದರಿಂದಲೇ.

ಹಾಡಿದವರ ಹೆಸರು, ಊರು, ಸಂದರ್ಭ, ಸಂಪಾದಕರು ಮಾಡಿದ ತಿದ್ದುಪಡಿ ಇವುಗಳ ವಿವರವಿಲ್ಲದ ಸಂಗ್ರಹಗಳು ನಮ್ಮ ಗ್ರಂಥಾಲಯಗಳಲ್ಲಿ ವಿಪುಲವಾಗಿವೆ. ಅವುಗಳನ್ನು ತ್ಯಜಿಸಬೇಕಾಗಿಲ್ಲ, ಆದರೆ ಅವುಗಳ ಮೌನವನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಮೂಲ ಧ್ವನಿಸುರುಳಿ ಮತ್ತು ಕ್ಷೇತ್ರ ಟಿಪ್ಪಣಿಗಳನ್ನು ಮುದ್ರಿತ ಪಠ್ಯದೊಂದಿಗೆ ಕಾಪಾಡುವ ಹೊಣೆ ಸಂಸ್ಥೆಗಳದು. ಅವು ನಾಶವಾದರೆ ಮುಂದಿನ ಸಂಶೋಧಕನಿಗೆ ಪರಿಶೀಲನೆಯ ದಾರಿಯೇ ಮುಚ್ಚುತ್ತದೆ. ಹಾಡಿದವರ ಕಾವ್ಯ ಸಂಪಾದಕರ ಕಾವ್ಯವಾಗಿಯೇ ಉಳಿಯುತ್ತದೆ.