ಚಿತ್ರ ಉಳಿಯಿತು, ಕಥೆ ಎಲ್ಲಿ?

ಬೊರಿವಲಿಯ ರದ್ದಿ ಅಂಗಡಿಯಲ್ಲಿ ಹಳೇ ‘ಚಂದಮಾಮ’ ಸಿಕ್ಕರೆ ನೀವು ಮೊದಲು ಹುಡುಕೋದು ಶಂಕರ್ ಬಿಡಿಸಿದ ಬೇತಾಳನನ್ನು ತಾನೆ? ಆ ಚಿತ್ರವನ್ನಷ್ಟೇ ಕತ್ತರಿಸಿ ಚೌಕಟ್ಟು ಹಾಕಿಸಿದರೆ ಹೆಣ ಉಳಿಯುತ್ತದೆ, ಬೇತಾಳ ಕೇಳುವ ಪ್ರಶ್ನೆ ಹೋಗುತ್ತದೆ.

1283ರಲ್ಲಿ ತೀರಿಕೊಂಡ ಅಲ್ ಕಜ್ವೀನಿಯ ‘ಅಜಾಇಬುಲ್ ಮಖ್ಲೂಕಾತ್’ಗೂ ಇದೇ ಗತಿ. ನಕ್ಷತ್ರ, ಸಮುದ್ರ, ಗಿಡ, ಪ್ರಾಣಿ, ಜಿನ್ನ್ ಎಲ್ಲವನ್ನೂ ಸೃಷ್ಟಿಯ ಸೋಜಿಗವೆಂದು ಒಟ್ಟಿಗೆ ತೋರಿಸಿದ ಗ್ರಂಥ ಅದು. ಅದರ ಎಷ್ಟೋ ಸಚಿತ್ರ ಹಸ್ತಪ್ರತಿಗಳ ಹಾಳೆಗಳು ಬಿಡಿಬಿಡಿಯಾಗಿ ಮಾರಾಟವಾಗಿ ಚದುರಿಹೋಗಿವೆ. ಕುದುರೆ, ಪಕ್ಷಿಗಳ ಸಾಲಿನಲ್ಲಿದ್ದ ಜಿನ್ನ್ ಒಂಟಿಯಾದರೆ ನೋಡುವವರಿಗೆ ಬರೀ ಮಾಟಮಂತ್ರ. ನಮ್ಮ ಓದೆಲ್ಲ ತಾಯಿತದ ಓದು ಅನ್ನೋ ಮಾತಿಗೆ ಬಲ ಸಿಗೋದು ಹೀಗೇ.

ಕೂಡಿಡಿ, ಬೇಡ ಅನ್ನೋಲ್ಲ. ಹಾಳೆ ಮಾತ್ರ ಕೀಳಬೇಡಿ. ಚಿತ್ರದ ಹಿಂದಿನ, ಮುಂದಿನ ಪುಟಗಳನ್ನೂ ಓದಿ.